ಏಳನೇ ಕಾಲಮಿನಲ್ಲಿ ‘ಕಪ್ಪು ಜನ’

ಅವನು ತೀರಿಕೊಂಡು ತಿಂಗಳಾಯಿತು. ಅವನ ಮಗಳು ಫೋನ್ ಮಾಡಿ, ಅಪ್ಪನ ನೆನಪಿಗೆ ಸಣ್ಣದೊಂದು ಪುಸ್ತಕ ತರುತ್ತಿದ್ದೇವೆ, ನಾಲ್ಕು ಪುಟ ಬರೆದುಕೊಡಿ ಎಂದು ಕೇಳಿದಳು. ನುಡಿನಮನದ ದಿನ ಎಂಟು ಹತ್ತು ಜನ ಮಾತಾಡಿದ್ದರು. ಶಾಂತಮೂರ್ತಿ, ಸಹನಶೀಲ, ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋದವನು ಎಂದೆಲ್ಲ ಹೊಗಳಿದ್ದರು. ನಾನು ಯಾರದೋ ಬೇರೆಯವರ ಸಭೆಗೆ ಬಂದು ಕೂತಿದ್ದೇನೋ ಎಂದು ಹಾರ ಹಾಕಿದ ಫೋಟೋವನ್ನು ಎರಡು ಸಲ ನೋಡಿದೆ. ಅವನೇ. ಸಹನೆ ಎಂಬುದು ಅವನ ಹತ್ತಿರ ಸುಳಿದದ್ದನ್ನು ನಾನಂತೂ ಕಂಡಿಲ್ಲ. ಅವನ ಜೊತೆ ಮೂರು ವರ್ಷ ಒಂದೇ ಕೋಣೆಯಲ್ಲಿದ್ದ ನನಗೆ ಸಹನೆ ಬಂದಿರಬಹುದು, ಅವನಿಗೆ ಬಂದಿರಲಿಲ್ಲ.

ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಅವನನ್ನು ಕೇಳದೆ ಅವನ ಬಗ್ಗೆ ಒಮ್ಮೆ ಬರೆದು ಕೈ ಸುಟ್ಟುಕೊಂಡವನು ನಾನು. ಈಗ ಕೇಳೋಣವೆಂದರೆ ಅವನಿಲ್ಲ. ಮಗಳು ಮಾತ್ರ, ಅಪ್ಪ ಹೆಂಗಿದ್ದ ಹಂಗ ಬರೀರಿ ಎಂದಿದ್ದಾಳೆ. ಹಾಗಾದರೆ ಮೊದಲೇ ಹೇಳಿಬಿಡುತ್ತೇನೆ. ಅಷ್ಟು ತಲೆ ತಿನ್ನುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮ ಹಾಸ್ಟೆಲ್ ಇತ್ತು. ಪರಿಶಿಷ್ಟ ಜಾತಿಯ ಹುಡುಗರಿಗೆಂದು ಬಾಡಿಗೆಗೆ ಹಿಡಿದ ಹಳೆಯ ಗೋದಾಮು ಅದು. ಹಿಂದೆ ಶೇಂಗಾ ಚೀಲ ಒಟ್ಟುತ್ತಿದ್ದರಂತೆ. ಕಿಟಕಿಗಳೆಲ್ಲ ಆಳೆತ್ತರದ ಮೇಲೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯಿಂದ ಕಾಲೇಜು ಓದಲು ಬಂದ ನಾವು ಒಂದೊಂದು ಟ್ರಂಕು, ಒಂದೊಂದು ಚಾಪೆ ಹಾಕಿಕೊಂಡು ಅಲ್ಲಿದ್ದೆವು. ನನ್ನದು ಕೋಗಳಿ ಹತ್ತಿರದ ಹಳ್ಳಿ. ಅವನದು ಹೊಳಲಿನಿಂದ ಆಚೆ. ನನಗಿಂತ ಮೂರು ವರ್ಷ ದೊಡ್ಡವನು. ನಡುವೆ ಕೂಲಿಗೆ ಹೋಗಿ ಓದು ಬಿಟ್ಟು ಮತ್ತೆ ಬಂದವನಾದ್ದರಿಂದ ನಮ್ಮ ತರಗತಿಯಲ್ಲೇ ಇದ್ದ.

ಅವನಿಗೆ ದಕ್ಷಿಣ ಆಫ್ರಿಕಾ ಸಿಕ್ಕಿದ್ದು ಮಿರ್ಚಿ ಕಟ್ಟಿದ ಕಾಗದದಲ್ಲಿ. ಸಂಜೆ ಬಸ್‌ಸ್ಟ್ಯಾಂಡಿನ ಎದುರು ಒಬ್ಬ ಮುದುಕಿ ಮಂಡಕ್ಕಿ ಮಿರ್ಚಿ ಮಾರುತ್ತಿದ್ದಳು. ಹಳೆಯ ಪೇಪರನ್ನು ಹರಿದು ಅದರಲ್ಲಿ ಕಟ್ಟಿ ಕೊಡುವಳು. ನಾವು ತಿಂದು ಕಾಗದ ಬಿಸಾಡುತ್ತಿದ್ದೆವು. ಅವನು ಮೊದಲು ಕಾಗದ ಓದಿ ಆಮೇಲೆ ಮಿರ್ಚಿ ತಿನ್ನುವವನು, ಅಷ್ಟರಲ್ಲಿ ಅದು ತಣ್ಣಗಾಗಿರುತ್ತಿತ್ತು. ಹಾಗೆ ಒಂದು ದಿನ ಓದಿದ: ಆ ದೇಶದಲ್ಲಿ ಕರಿಯ ಮಕ್ಕಳ ಶಾಲೆಗಳಲ್ಲಿ ಅರ್ಧ ಪಾಠಗಳನ್ನು ಬಿಳಿ ಸರಕಾರದವರ ಭಾಷೆಯಲ್ಲೇ ಕಲಿಸಬೇಕೆಂದು ಆಜ್ಞೆಯಾಗಿತ್ತು. ಕಲಿಸುವ ಮಾಸ್ತರಿಗೇ ನೆಟ್ಟಗೆ ಬಾರದ ಭಾಷೆ. ಮಕ್ಕಳು ಪುಸ್ತಕ ಮುಚ್ಚಿಟ್ಟು, ಶಾಲೆಯ ಬಟ್ಟೆಯಲ್ಲೇ ಸಾವಿರಗಟ್ಟಲೆ ಬೀದಿಗೆ ಬಂದರು. ಎದುರಿಗೆ ಪೊಲೀಸರು ಬಂದೂಕು ಹಿಡಿದು ನಿಂತರು. ಅಲ್ಲಿಗೆ ಕಾಗದ ಹರಿದಿತ್ತು.

ಮುಂದೇನಾಯಿತು ಎಂದು ಅವನಿಗೆ ಗೊತ್ತಾಗಲೇಬೇಕಿತ್ತು. ಆ ಮಕ್ಕಳು ಬೀದಿಗಿಳಿದು ವರ್ಷದ ಮೇಲಾಗಿತ್ತು, ಪೇಪರು ಅಷ್ಟು ಹಳೆಯದು. ಕಾಲೇಜು ಲೈಬ್ರರಿಯಲ್ಲಿ ಕೇಳಿದರೆ ಹಳೆಯ ಪೇಪರನ್ನೆಲ್ಲ ರದ್ದಿಗೆ ಹಾಕಿ ಆಗಿತ್ತು. ಮುದುಕಿ ಮಿರ್ಚಿ ಕೊಂಡರೆ ಕಾಗದ, ಬರೀ ಕಾಗದ ಕೊಡುವುದಿಲ್ಲ ಎಂದು ಹಟ ಹಿಡಿದಳು. ಹನ್ನೊಂದು ದಿನ ನಾವು ಮಿರ್ಚಿ ತಿಂದೆವು. ಇನ್ನರ್ಧ ತುಂಡು ಸಿಗಲಿಲ್ಲ, ನನಗೆ ಹೊಟ್ಟೆ ಕೆಟ್ಟಿತು. ಕೊನೆಗೆ ಉಳಿದ ಕತೆ ಗೊತ್ತಾದದ್ದು ನಮ್ಮ ಇಂಗ್ಲಿಷ್ ಮೇಷ್ಟ್ರ ಮನೆಯಲ್ಲಿದ್ದ ಒಂದು ಇಂಗ್ಲಿಷ್ ವಾರಪತ್ರಿಕೆಯಿಂದ. ಪೊಲೀಸರು ಗುಂಡು ಹಾರಿಸಿದ್ದರು, ಮಕ್ಕಳು ಸತ್ತಿದ್ದರು, ಆದರೂ ಮಕ್ಕಳು ಶಾಲೆಗೆ ಮರಳಲಿಲ್ಲ.

ಮೇಷ್ಟ್ರು ಊರಿನ ದೊಡ್ಡ ಲಿಂಗಾಯತ ವ್ಯಾಪಾರಸ್ಥರ ಮನೆಯವರು, ಆದರೆ ನಮ್ಮನ್ನು ಒಳಗೆ ಕರೆದು ಕೂರಿಸಿ ಪುಸ್ತಕ ಕೊಡುತ್ತಿದ್ದರು. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದ್ದರಿಂದ ಅವರು ಕೊಟ್ಟದ್ದನ್ನೆಲ್ಲ ನಾನು ಡಿಕ್ಷನರಿ ಹಿಡಿದು ಕನ್ನಡದಲ್ಲಿ ಹೇಳಬೇಕು, ಅವನು ನೋಟುಬುಕ್ಕಿನಲ್ಲಿ ಬರೆದುಕೊಳ್ಳಬೇಕು. ನನಗೆ ಬೇಕಾಗಿದ್ದದ್ದು ಬಿ.ಎ. ಪಾಸಾಗುವುದು. ನಮ್ಮ ಕೇರಿಯಲ್ಲಿ ಅಷ್ಟು ಓದಿದವರು ಯಾರೂ ಇರಲಿಲ್ಲ. ನನ್ನ ಇತಿಹಾಸದ ಪಾಠ ಹಾಗೇ ಉಳಿದು, ನಾನು ಇನ್ನೊಂದು ಖಂಡದ ವಿದ್ಯಾರ್ಥಿಗಳ ಸಂಘದ ನಡಾವಳಿ ಓದುತ್ತಿದ್ದೆ. ಸಾಕುಸಾಕಾಗಿ ಹೋಗಿತ್ತು.

ಸಂಘ ಎಂದೆನಲ್ಲ, ಅವನೂ ಒಂದು ಸಂಘ ಕಟ್ಟಿದ. ಪ್ರತಿ ಭಾನುವಾರ ಸಭೆ. ಮೂವರೇ ಬಂದಿದ್ದರೂ ಅಧ್ಯಕ್ಷರು, ಸ್ವಾಗತ, ವಂದನಾರ್ಪಣೆ ಎಲ್ಲ ಆಗಲೇಬೇಕು. ಒಮ್ಮೆ ನಾವಿಬ್ಬರೇ ಇದ್ದಾಗ, ಅವನು ನನ್ನನ್ನು ಸ್ವಾಗತಿಸಿ, ಅಧ್ಯಕ್ಷತೆಯನ್ನೂ ನನಗೇ ಕೊಟ್ಟು, ಮುಕ್ಕಾಲು ಗಂಟೆ ಭಾಷಣ ಮಾಡಿ, ನಾನು ಆಕಳಿಸಿದೆ ಎಂದು ನಡಾವಳಿಯಲ್ಲಿ ಬರೆದ. ಅದಕ್ಕೆ ನಾನೇ ಸಹಿ ಹಾಕಬೇಕಾಯಿತು.

ಇಂಗ್ಲಿಷ್ ಮೇಷ್ಟ್ರು ಒಂದು ಸಲ, ನಿಮ್ಮ ಸಭೆಗೆ ನಾನೂ ಬಂದು ನಾಲ್ಕು ಮಾತಾಡುತ್ತೇನೆ ಎಂದರು. ನಮಗೆಲ್ಲ ಹಿಗ್ಗು. ಅವನು ಮಾತ್ರ ಮುಖ ಗಂಟು ಹಾಕಿದ. ಆ ದೇಶದಲ್ಲಿ ಕರಿಯ ವಿದ್ಯಾರ್ಥಿಗಳು, ತಮ್ಮ ಪರವಾಗಿ ಮಾತಾಡುವ ಒಳ್ಳೆಯ ಬಿಳಿಯರ ಸಂಘವನ್ನೂ ಬಿಟ್ಟು ಹೊರಗೆ ಬಂದು, ನಮ್ಮ ಮಾತು ನಾವೇ ಆಡುತ್ತೇವೆ ಎಂದು ಬೇರೆ ಸಂಘ ಮಾಡಿಕೊಂಡಿದ್ದರಲ್ಲ, ಅದು ಅವನ ತಲೆಯಲ್ಲಿ ಕೂತಿತ್ತು. ಮೇಷ್ಟ್ರು ಬಂದಾಗ ಬಾಗಿಲಲ್ಲೇ ನಿಂತು, “ಕೇಳಾಕ ಬರ್ರಿ ಸರ್. ಮಾತಾಡಾಕ ಬ್ಯಾಡ್ರಿ. ಇಷ್ಟು ವರ್ಷ ನೀವ ಮಾತಾಡೀರಿ” ಅಂದ. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ನಮಗೆ ಪುಸ್ತಕ ಕೊಟ್ಟ ಮನುಷ್ಯ. ಮೇಷ್ಟ್ರ ಮುಖ ಒಂದು ಕ್ಷಣ ಬಾಡಿತು. ಆಮೇಲೆ ಒಳಗೆ ಬಂದು ಹಿಂದೆ ಚಾಪೆಯ ಮೇಲೆ ಕೂತು, ಕೊನೆಯವರೆಗೂ ಬಾಯಿ ಬಿಡಲಿಲ್ಲ. ಮರುದಿನ ನಾನು ಮನೆಗೆ ಹೋಗಿ ಕ್ಷಮೆ ಕೇಳಿದರೆ, ಅವನು ಹೇಳಿದ್ದು ಯೋಚಿಸಬೇಕಾದ ಮಾತು ಎಂದರು. ಹಾಗೆಂದು ಬೇಜಾರಾಗಿರಲಿಲ್ಲ ಎಂದಲ್ಲ. ಎರಡು ತಿಂಗಳು ನಮಗೆ ಪುಸ್ತಕ ಕೊಡಲಿಲ್ಲ.

ಅದೇ ವರ್ಷ ಆ ವಿದ್ಯಾರ್ಥಿಗಳ ಮುಂದಾಳು, ಮೂವತ್ತರ ತರುಣ, ಪೊಲೀಸರ ವಶದಲ್ಲಿ ಸತ್ತ ಸುದ್ದಿ ಬಂತು. ಇವನು ಊಟ ಬಿಟ್ಟ. ಇವನು ಬಿಟ್ಟರೆ ಬಿಡಲಿ, ನಾವೆಲ್ಲರೂ ಒಂದು ದಿನ ಬಿಡಬೇಕೆಂದು ತೀರ್ಮಾನಿಸಿದ. ಅವತ್ತು ವಾರಕ್ಕೊಮ್ಮೆ ಮಾಡುವ ಗೋಧಿ ಹುಗ್ಗಿಯ ದಿನ. ಅಡಿಗೆಯವನು ಕೊಳಗದ ತುಂಬ ಹುಗ್ಗಿ ಮಾಡಿಟ್ಟುಕೊಂಡು ಬೈಯುತ್ತಿದ್ದ. ನಾವು ಅದರ ವಾಸನೆ ಕುಡಿಯುತ್ತ, ಹೆಸರು ಹೇಳಲೂ ಬಾರದ ಊರಿನ ಮನುಷ್ಯನಿಗಾಗಿ ಎರಡು ನಿಮಿಷ ಮೌನ ನಿಂತೆವು. ಹಡಗಲಿ ಕಡೆಯ ಒಬ್ಬ ಹುಡುಗ ಮೌನದ ನಡುವೆಯೇ ಅಡಿಗೆಮನೆಗೆ ನುಗ್ಗಿದ. ನಾನು ನುಗ್ಗಲಿಲ್ಲ, ಆದರೆ ನುಗ್ಗಿದವನ ಮೇಲೆ ಸಿಟ್ಟೂ ಬರಲಿಲ್ಲ.

ಈಗ ಪರೀಕ್ಷೆಯ ಫಾರ್ಮಿನ ವಿಷಯಕ್ಕೆ ಬರುತ್ತೇನೆ. ಇಲ್ಲಿಯವರೆಗೆ ಬರೆದದ್ದನ್ನು ನಗುತ್ತ ಓದಿಕೊಳ್ಳಬಹುದು. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬಿ.ಎ. ಕೊನೆಯ ವರ್ಷದ ಪರೀಕ್ಷೆಗೆ ಅರ್ಜಿ ತುಂಬಬೇಕಿತ್ತು. ಹಾಸ್ಟೆಲಿನಿಂದ ಹದಿನಾಲ್ಕು ಜನ ಇದ್ದೆವು. ಏಳನೇ ಕಾಲಂ ಜಾತಿಯದು. ಅಲ್ಲಿ ಬರೆದರೆ ನಮಗೆ ಪರೀಕ್ಷೆಯ ಫೀ ಮಾಫಿ. ಹಿಂದಿನ ದಿನ ಅವನು ಸಭೆ ಕರೆದ. ಆ ದೇಶದ ಕಾನೂನಿನಲ್ಲಿ ಕರಿಯರಿಗೆ ‘ಬಿಳಿಯರಲ್ಲದವರು’ ಎಂದು ಹೆಸರಿತ್ತಂತೆ. ವಿದ್ಯಾರ್ಥಿಗಳು ಅದನ್ನು ಕಿತ್ತೆಸೆದು, ನಾವು ಇನ್ನೊಬ್ಬರಲ್ಲದವರು ಅಲ್ಲ, ನಾವು ಕಪ್ಪು ಜನ ಎಂದು ತಮ್ಮ ಹೆಸರನ್ನು ತಾವೇ ಇಟ್ಟುಕೊಂಡರಂತೆ. ಬರೀ ಆಫ್ರಿಕದವರಲ್ಲ, ಅಲ್ಲಿಗೆ ಕಬ್ಬು ಕಡಿಯಲು ಹೋದ ನಮ್ಮ ದೇಶದವರ ಮೊಮ್ಮಕ್ಕಳೂ ಆ ಹೆಸರಿನ ಕೆಳಗೆ ಬಂದರಂತೆ. ಅಂದಮೇಲೆ ಅದು ಚರ್ಮದ ಮಾತಲ್ಲ, ತುಳಿಸಿಕೊಂಡವರೆಲ್ಲರ ಮಾತು. ನಮ್ಮ ಜಾತಿಯ ಹೆಸರು ನಾವು ಇಟ್ಟುಕೊಂಡದ್ದಾ? ಊರಿನವರು ಬೈಗುಳವಾಗಿ ಇಟ್ಟದ್ದು. ಆದ್ದರಿಂದ ನಾಳೆ ಏಳನೇ ಕಾಲಮಿನಲ್ಲಿ ಹದಿನಾಲ್ಕು ಜನವೂ ‘ಕಪ್ಪು ಜನ’ ಎಂದು ಬರೆಯಬೇಕು. ಹೀಗೆ ಅವನ ವಾದ.

ನಾನು ಎದ್ದು ನಿಂತು ವಿರೋಧಿಸಿದೆ. ಅಲ್ಲಿ ಕರಿಯರ ಕೈಗೆ ಜನಾಂಗ ಬರೆದ ಓಡಾಟದ ಪಾಸು ಕೊಟ್ಟಿರುವುದು ಹಿಡಿದುಹಾಕಲು, ಇಲ್ಲಿ ಈ ಕಾಲಂ ಇಟ್ಟಿರುವುದು ನಮಗೆ ಕೊಡಲು, ಸಂವಿಧಾನ ಬರೆದವರು ಜೀವ ತೇಯ್ದು ಗಳಿಸಿಕೊಟ್ಟ ಹಕ್ಕು, ಅದರ ಮೇಲೆ ಯಾಕೆ ಮಣ್ಣು ಹಾಕುತ್ತೀ ಎಂದೆ. ಇವತ್ತಿಗೂ ನನ್ನ ವಾದವೇ ಸರಿ ಎಂದು ನನ್ನ ಅಭಿಪ್ರಾಯ. ಅವನು ನನ್ನ ಮಾತು ಪೂರ್ತಿ ಕೇಳಿದ. ಆಮೇಲೆ, “ಹಕ್ಕು ಬಿಡು ಅನ್ನಾಕತ್ತಿಲ್ಲ. ಹೆಸರು ನಮ್ದ ಇರ್ಲಿ ಅನ್ನಾಕತ್ತೀನಿ” ಅಂದ. ಹುಡುಗರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದಮೇಲೆ ನನ್ನಂಥವನು ಏನು ಮಾಡುತ್ತಾನೆ? ಮರುದಿನ ನಾನೂ ಬರೆದೆ. ಬರೆದಮೇಲೆ ಒಳಗೊಳಗೇ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಎರಡು ವಾರದ ಮೇಲೆ ಕಾಲೇಜಿನ ಗುಮಾಸ್ತರು ನಮ್ಮನ್ನು ಕರೆಸಿದರು. ಹದಿನಾಲ್ಕು ಅರ್ಜಿಗಳು ಮೇಜಿನ ಮೇಲಿದ್ದವು. ಅವರು ಕೆಟ್ಟವರಲ್ಲ, ಗೇಲಿಯೂ ಮಾಡಲಿಲ್ಲ. “ಏನ್ರಪಾ, ಕಪ್ಪು ಜನ ಅಂದ್ರ ಯಾವ ಲಿಸ್ಟಿನ್ಯಾಗ ಬರ್ತೈತಿ? ನಾನು ಹುಡುಕಿ ಹುಡುಕಿ ಸಾಕಾದೆ” ಅಂದರು. ದಾಖಲೆಯಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು ಇರುವುದರಿಂದ ಈಗ ಹೊಸದಾಗಿ ಅವರವರ ತಾಲ್ಲೂಕಿನ ತಹಶೀಲ್ದಾರರ ಪ್ರಮಾಣಪತ್ರ ತರಬೇಕು, ಇಲ್ಲವೇ ಪೂರ್ತಿ ಫೀ ಕಟ್ಟಬೇಕು. ಶನಿವಾರ ಸಂಜೆ ಐದಕ್ಕೆ ಲಕೋಟೆ ಮುಚ್ಚಿ ಕಳಿಸುತ್ತೇನೆ, ಆಮೇಲೆ ಹಾಲ್ ಟಿಕೆಟ್ ಬರದಿದ್ದರೆ ನನ್ನನ್ನು ಕೇಳಬೇಡಿ ಎಂದರು. ಅವತ್ತು ಮಂಗಳವಾರ. ಫೀ ಕಟ್ಟುವ ತಾಕತ್ತು ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಹಾಸ್ಟೆಲಿಗೆ ಬಂದಮೇಲೆ ಹುಡುಗರು ಅವನ ಮೈಮೇಲೆ ಏರಿ ಹೋದರು. ಚಪ್ಪಾಳೆ ತಟ್ಟಿದವರೇ ಮುಂದೆ ಇದ್ದರು. ಒಬ್ಬ ಅಳುತ್ತಿದ್ದ. ಅವನು ಗೋಡೆಗೆ ಒರಗಿ ಕೂತು ಎಲ್ಲ ಬೈಗುಳ ತಿಂದ. ಆಮೇಲೆ ನೋಟುಬುಕ್ ತೆಗೆದು, ಯಾರ್ಯಾರದು ಯಾವ ತಾಲ್ಲೂಕು ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡ. ನೀವು ಓದಿಕೊಳ್ಳಿ, ನಾನು ತರುತ್ತೇನೆ ಎಂದ. ಒಬ್ಬನನ್ನೇ ಬಿಟ್ಟರೆ ಮೊದಲನೇ ಕಚೇರಿಯಲ್ಲೇ ಜಗಳ ತೆಗೆದು ಎಲ್ಲ ಕೆಡಿಸುತ್ತಾನೆ ಎಂದು ನಾನೂ ಜೊತೆಗೆ ಹೊರಟೆ.

ನಾಲ್ಕು ದಿನ ಬಸ್ಸಿನ ಟಾಪಿನ ಮೇಲೆ, ಬಾಡಿಗೆ ಸೈಕಲ್ಲಿನ ಮೇಲೆ, ನಡೆದು, ತಿರುಗಿದೆವು. ಊರಿಗೊಂದು ದಾಖಲೆ, ಕೇರಿಗೊಂದು ಸಾಕ್ಷಿ. ಒಂದು ತಾಲ್ಲೂಕು ಕಚೇರಿಯಲ್ಲಿ, ಯಾವುದೆಂದು ಹೇಳುವುದಿಲ್ಲ, ಅವನು ಅರ್ಜಿಗಳನ್ನು ಕೊಡಲು ಕೈ ಮುಂದೆ ಮಾಡಿದ. ಗುಮಾಸ್ತ ಮೇಲಿನ ಹಾಳೆಯ ಮೇಲೆ ಕಣ್ಣಾಡಿಸಿದ್ದೇ, ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡು, ಅಲ್ಲಿ ಇಡು ಎಂದು ಮೇಜಿನ ಮೂಲೆ ತೋರಿಸಿದ. ಕಾಲೇಜಿನಲ್ಲಿ ಇದರ ಅರ್ಧ ಮಾತಿಗೆ ಅವನು ಮೇಜು ಗುದ್ದಿದ್ದನ್ನು ಕಂಡಿದ್ದೆ. ಅವನು ಅರ್ಜಿಗಳನ್ನು ಮೂಲೆಯಲ್ಲಿ ಇಟ್ಟ.

“ಒಂದೊಂದ ಹೆಸರು ಓದು. ಮುಂದ ಜಾತಿ ಹೇಳು. ಜೋರಾಗಿ ಹೇಳು, ಕಿವಿ ಕೇಳಂಗಿಲ್ಲ ನನಗ” ಎಂದ ಗುಮಾಸ್ತ. ಕಚೇರಿಯ ತುಂಬ ಪಹಣಿಗೆ ಬಂದ ರೈತರು, ಸಾಹುಕಾರರು ನಿಂತಿದ್ದರು. ಅವನು ಮೂಲೆಯಿಂದ ಅರ್ಜಿಗಳನ್ನು ಮತ್ತೆ ತೆಗೆದುಕೊಂಡು ಓದಿದ. ಐದು ಹೆಸರು, ಐದು ಸಲ ಆ ಶಬ್ದ. ದನಿ ನಡುಗಲಿಲ್ಲ, ಆದರೆ ಹಾಳೆ ಹಿಡಿದ ಕೈಯ ಹೆಬ್ಬೆರಳು ಬೆಳ್ಳಗಾಗಿತ್ತು. ಹೊರಗೆ ಬಂದು ತೊಟ್ಟಿಯ ನೀರಿನಲ್ಲಿ ಮುಖ ತೊಳೆದುಕೊಂಡ. ಜಗಳ ಮಾಡಲಿಲ್ಲವಲ್ಲ, ಒಳ್ಳೆಯದು ಮಾಡಿದಿ ಎಂದು ನಾನು ಹೇಳಿದೆ. ಹೇಳಬಾರದಿತ್ತು.

ಹದಿಮೂರು ಪ್ರಮಾಣಪತ್ರಗಳಾದವು. ನಿನ್ನದು ಎಂದರೆ, ನಂದು ಹಂಗ ಇರ್ಲಿ ಅಂದ. ನಿಮಗೆ ಬರೆಯಿರಿ ಎಂದು ಹೇಳಿದವನು ನಾನು, ನಿಮ್ಮದನ್ನು ಸರಿಮಾಡುವುದು ನನ್ನ ಕರ್ತವ್ಯ, ನನ್ನದನ್ನು ಅಳಿಸುವುದು ಯಾರ ಕರ್ತವ್ಯವೂ ಅಲ್ಲ ಎಂದ. ನಾನು ಬೈದೆ, ಕಾಲು ಹಿಡಿದೆ, ಅವನ ತಾಯಿಯನ್ನು ನೆನಪಿಸಿದೆ. ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಅಷ್ಟು ರೋಸಿಹೋಗಿತ್ತು ನನಗೆ.

ಅವನಿಗೆ ಗೊತ್ತಿಲ್ಲದ ಒಂದು ಮಾತಿತ್ತು. ಶುಕ್ರವಾರ ಹಡಗಲಿಯಲ್ಲಿ, ಇನ್ನೊಬ್ಬ ಹುಡುಗನ ಶಾಲೆಯ ದಾಖಲೆಗಾಗಿ ಅವನು ಸೈಕಲ್ ಹಿಡಿದು ಹೊಳಲಿಗೆ ಹೋಗಿದ್ದಾಗ, ಕಚೇರಿಯಲ್ಲಿ ಕಾಯುತ್ತಿದ್ದ ನಾನು ಅವನ ಹೆಸರಿನಲ್ಲಿ ಹದಿನಾಲ್ಕನೇ ಅರ್ಜಿ ಬರೆದು ಕೊಟ್ಟಿದ್ದೆ. ತಂದೆಯ ಹೆಸರು, ಊರು, ಹುಟ್ಟಿದ ದಿನ ಎಲ್ಲ ನನಗೆ ಬಾಯಿಪಾಠ. ಪತ್ರ ನನ್ನ ಜೇಬಿನಲ್ಲಿತ್ತು. ಶನಿವಾರ ಸಂಜೆ ಅವನು ನಾಲ್ಕು ದಿನದ ನಿದ್ದೆ ಮಾಡಲು ಹಾಸ್ಟೆಲಿಗೆ ಹೋದ, ನಾನು ಪತ್ರಗಳನ್ನು ಕೊಡಲು ಕಾಲೇಜಿಗೆ ಹೋದೆ. ಗುಮಾಸ್ತರು ಲಕೋಟೆ ಮುಚ್ಚುವ ಮುಂಚೆ, ಇದೊಂದು ಉಳದೈತಲ್ಲೋ ಎಂದು ಅವನ ಅರ್ಜಿ ನನ್ನ ಮುಂದೆ ತಳ್ಳಿದರು. ನಾನು ಪೆನ್ನು ತೆಗೆದು ‘ಕಪ್ಪು ಜನ’ ಹೊಡೆದುಹಾಕಿದೆ. ಪಕ್ಕದಲ್ಲಿ ಜಾತಿಯ ಹೆಸರು ಬರೆದೆ. ತಿದ್ದುಪಡಿಗೆ ಅವನ ಸಹಿ ಬೇಕಿತ್ತು, ಅದನ್ನೂ ಹಾಕಿದೆ. ಗೆಳೆಯನ ವರ್ಷ ಉಳಿಸಿದೆ ಎಂದು ಹಾಸ್ಟೆಲಿಗೆ ಬಂದು ಹೊಟ್ಟೆತುಂಬ ಉಂಡೆ.

ಹಾಲ್ ಟಿಕೆಟ್ ಬಂದದ್ದು ಪರೀಕ್ಷೆಗೆ ವಾರ ಇರುವಾಗ, ಬೆಳಿಗ್ಗೆ. ಹದಿನಾಲ್ಕೂ ಬಂದಿದ್ದವು. ತಿದ್ದದ ಅರ್ಜಿಗೆ ಬರಬಾರದಿದ್ದ ತನ್ನ ಟಿಕೆಟನ್ನು ಅವನು ಹಿಂದೆಮುಂದೆ ತಿರುಗಿಸಿ ನೋಡಿದ. ಆಮೇಲೆ ಹಾಸ್ಟೆಲಿನ ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ ನನ್ನ ಹತ್ತಿರ ಬಂದು, ಯಾರು ಬರೆದದ್ದು ಎಂದು ಕೇಳಿದ. ನಾನೇ ಎಂದೆ.

“ನಿನ್ನ ವರ್ಷ ಹಾಳಾಗ್ತಿತ್ತಲೇ” ಎಂದೆ.

“ವರ್ಷ ನಂದು” ಎಂದ. ಬೈಯುತ್ತಾನೆಂದು ಕಾದೆ, ಬೈಯಲಿಲ್ಲ. “ಹುಟ್ಟಿದಾಗಿಂದ ಮಂದಿ ನನ್ನ ಕೇಳದ ನನ್ನ ಹೆಸರಿನ ಮುಂದ ಬರಕೋಂತ ಬಂದಾರ. ಊರೋರು ಬರದ್ರು, ಸಾಲ್ಯಾಗ ಮಾಸ್ತರು ಬರದ್ರು. ನೀನೊಬ್ಬ ಉಳದಿದ್ದಿ.”

ಆ ಮಾತಿಗೆ ಏನು ಉತ್ತರ ಕೊಡಬೇಕಿತ್ತು ಎಂದು ನಾನು ನಲವತ್ತು ವರ್ಷ ಯೋಚಿಸಿದ್ದೇನೆ. ಅವತ್ತು ಬಾಯಲ್ಲಿ ಹಲ್ಲುಪುಡಿ ಇತ್ತು.

ಪರೀಕ್ಷೆಯ ಮೊದಲ ದಿನ ಅವನ ನಂಬರು ನನ್ನ ಮುಂದಿನ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು. ಅರ್ಧ ಗಂಟೆಯಾದಮೇಲೆ ಮೇಲ್ವಿಚಾರಕರು ಅದನ್ನು ನೋಡಿ ತಮ್ಮ ಹಾಳೆಯಲ್ಲಿ ಏನೋ ಗುರುತು ಹಾಕಿಕೊಂಡರು. ನಾನು ಖಾಲಿ ಬೆಂಚು ನೋಡುತ್ತ ನನ್ನ ಪೇಪರು ಬರೆದೆ. ಹದಿಮೂರು ಜನರಲ್ಲಿ ಹತ್ತು ಜನ ಪಾಸಾದೆವು. ಅವನು ಅಷ್ಟರಲ್ಲಿ ಟ್ರಂಕು ಹೊತ್ತುಕೊಂಡು ಊರಿಗೆ ಹೋಗಿದ್ದ.

ನನಗೆ ಸಿಟ್ಟು ಇಳಿಯಲಿಲ್ಲ. ಪರೀಕ್ಷೆ ಬರೆದು, ಆಮೇಲೆ ನನ್ನ ಜೊತೆ ಮಾತು ಬಿಡಬಹುದಿತ್ತು. ಡಿಗ್ರಿ ತೆಗೆದುಕೊಂಡು ಇದೇ ಹೋರಾಟ ಇನ್ನೂ ಗಟ್ಟಿಯಾಗಿ ಮಾಡಬಹುದಿತ್ತು. ಅವನ ತಾಯಿ ಕೂಲಿ ಮಾಡಿ ಓದಿಸಿದ್ದಳು. ಅಷ್ಟೊಂದು ಬುದ್ಧಿ ಇದ್ದವನು ಒಂದು ಶಬ್ದಕ್ಕಾಗಿ ಬಾಳು ಚೆಲ್ಲಿಕೊಂಡ ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದೆ. ಹೇಳುವಾಗ ನನ್ನ ಪಾಲಿನದನ್ನು ಬಿಟ್ಟು ಹೇಳುತ್ತಿದ್ದೆ.

ಅವನು ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್ ಆದ. ಕೊಟ್ಟೂರು ಕಡೆಯಿಂದ ಹರಪನಹಳ್ಳಿಗೆ ಹೋಗುವ ಬಸ್ಸು. ಅಲ್ಲಿಯೂ ಸುಮ್ಮನಿರಲಿಲ್ಲ ಎಂದು ಸುದ್ದಿ ಬರುತ್ತಿತ್ತು. ನಮ್ಮ ಕೇರಿಯವರು ಆಗ ಸೀಟು ಖಾಲಿಯಿದ್ದರೂ ಗೌಡರ ಪಕ್ಕ ಕೂರದೆ ಬಾಗಿಲ ಹತ್ತಿರ ನಿಂತೇ ಹೋಗುತ್ತಿದ್ದರು. ಇವನು ಅಂಥವರು ಕೂರುವವರೆಗೂ ಸೀಟಿ ಊದುತ್ತಿರಲಿಲ್ಲ. ನಿಂತವರು ಕೂರಲು ಹೆದರುವರು, ಕೂತವರು ಬೈಯುವರು, ಡ್ರೈವರು ಹಾರ್ನು ಬಾರಿಸುವನು, ಇವನು ರಸ್ತೆಯ ಮೇಲೆ ಇಳಿದು ಭಾಷಣ ಮಾಡುವನು. ಆ ಬಸ್ಸು ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ. ಒಮ್ಮೆ ಅದಕ್ಕಾಗಿ ಬಿಸಿಲಲ್ಲಿ ಗಂಟೆಗಟ್ಟಲೆ ಕಾದು ಅವನಿಗೆ ಶಾಪ ಹಾಕಿದ್ದೇನೆ. ಬಸ್ಸು ಬಂದಾಗ ಹತ್ತದೆ ಮುಖ ತಿರುಗಿಸಿ ನಿಂತೆ. ಅವನೂ ಕರೆಯಲಿಲ್ಲ.

ನಾನು ಹಗರಿಬೊಮ್ಮನಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಗುಮಾಸ್ತನಾದೆ. ಕಾಲಂ ತುಂಬುವುದೇ ನನ್ನ ಹೊಟ್ಟೆಪಾಡಾಯಿತು. ಹೀಗೇ ಏಳೆಂಟು ವರ್ಷ ಕಳೆದವು. ಒಂದು ಜೂನ್ ತಿಂಗಳು, ಒಂದನೇ ತರಗತಿಯ ದಾಖಲಾತಿ ನಡೆದಿತ್ತು. ಹೊರಗೆ ಜಗುಲಿಯ ತುಂಬ ಪಾಲಕರ ಸಾಲು. ತಲೆ ಎತ್ತಿದರೆ ಅವನು. ಖಾಕಿ ಅಂಗಿ, ಪಕ್ಕದಲ್ಲಿ ಎರಡು ಜಡೆಯ ಹುಡುಗಿ. ಹೇಗಿದ್ದೀ ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅರ್ಜಿ ಮೇಜಿನ ಮೇಲೆ ಇಟ್ಟ. ಅವನ ಅದೇ ದುಂಡನೆಯ ಅಕ್ಷರ. ಎಲ್ಲ ತುಂಬಿದ್ದ, ಜಾತಿ ಒಂದನ್ನು ಬಿಟ್ಟು.

“ಇದೊಂದು ನೀನ ಬರಿ” ಎಂದ. “ಹಕ್ಕು ಐತಿ ಆಕೀಗೆ. ಅದನ್ನ ನಾನು ಕಸಗೊಳ್ಳಂಗಿಲ್ಲ. ಆದ್ರ ನನ್ನ ಕೈ ಬರವಲ್ದು.”

ಪೆನ್ನು ಎತ್ತಿಕೊಂಡೆ. ನನ್ನ ಕೈಯೂ ಬರಲಿಲ್ಲ. “ನೀನು ಕೇಳಿದಿ ಅಂತ ಬರೀತೀನಿ. ಅವತ್ತು ಕೇಳದ ಬರದೆ. ತಪ್ಪಾತು” ಎಂದೆ. ಇಷ್ಟು ವರ್ಷ ಒಳಗಿಟ್ಟುಕೊಂಡ ಮಾತು, ಕಚೇರಿಯ ಮೇಜಿನ ಮೇಲೆ ಹೀಗೆ ಬಂದುಬಿಟ್ಟಿತು. ಅವನು ಅದನ್ನು ಸುಮ್ಮನೆ ತೆಗೆದುಕೊಂಡನೇ? ಅವನ ಜಾಯಮಾನವೇ ಅಲ್ಲ.

“ನನ್ನ ಯಾಕ ಕೇಳ್ತಿ?” ಎಂದ. “ಹೆಸರು ಆಕೀದು. ಆಕೀನ ಕೇಳು.”

ಹೊರಗೆ ನಲವತ್ತು ಜನ ಗಲಾಟೆ ಮಾಡುತ್ತಿದ್ದಾರೆ, ಹೆಡ್‌ಮಾಸ್ತರು ಎರಡು ಸಲ ಇಣುಕಿ ಹೋಗಿದ್ದಾರೆ, ಇವನು ಆರು ವರ್ಷದ ಹುಡುಗಿಯ ಒಪ್ಪಿಗೆ ಕೇಳು ಎನ್ನುತ್ತಾನೆ. 'ನಿನ್ನ ತಲೆ' ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕುರ್ಚಿಯಿಂದ ಎದ್ದು, ಮೇಜಿನ ಈಚೆ ಬಂದು, ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಇಲ್ಲಿ ನಿಮ್ಮ ಜಾತಿ ಬರೀಬೇಕಂತ ಐತವ್ವಾ, ಬರೀಲೇನು ಎಂದು ಕೇಳಿದೆ.

ಆಕೆ ಅಪ್ಪನ ಮುಖ ನೋಡಿದಳು. ಅವನು ಗೋಡೆಯ ನಕಾಶೆ ನೋಡುತ್ತಿದ್ದ.

“ಬರದ್ರ ಏನ್ ಆಕ್ಕೈತ್ರಿ?” ಎಂದು ಕೇಳಿದಳು. ಅಪ್ಪನ ಮಗಳೇ.

ಏನಾಗುತ್ತದೆ ಎಂದು ಹೇಳಲು ನನಗೆ ದಿನವೇ ಬೇಕಿತ್ತು. ಬರೆದರೆ ಪುಸ್ತಕ ಕೊಡುತ್ತಾರೆ, ಬರೆಯದಿದ್ದರೆ ಕೊಡುವುದಿಲ್ಲ ಎಂದಷ್ಟೇ ಹೇಳಿದೆ.

“ಹಂಗಾರ ಬರೀರಿ” ಎಂದಳು. ಮತ್ತೆ, “ನಮ್ಮಪ್ಪಂದೂ ಬರೀರಿ. ಅವಗೂ ಪುಸ್ತಕ ಬೇಕು” ಎಂದಳು.

ನೆಲ ನೋಡುತ್ತ ಹಾಗೇ ಕೂತಿದ್ದೆ. ಅವನು ನಕಾಶೆಯಿಂದ ಈಚೆ ತಿರುಗಿ, ಮಗಳ ತಲೆಯ ಮೇಲೆ ಕೈಯಿಟ್ಟ.

“ಅವ್ರು ನಂದೂ ಬರದಿದ್ರವ್ವಾ” ಎಂದ. “ನಾನ ಇಸಗೊಳ್ಳಲಿಲ್ಲ.”

ನಾನು ಎದ್ದು ಕುರ್ಚಿಗೆ ಹೋಗಿ ಆ ಶಬ್ದ ಬರೆದೆ. ಅವನು ಅರ್ಜಿಯನ್ನು ತನ್ನ ಕಡೆ ತಿರುಗಿಸಿಕೊಂಡು ನಾನು ಬರೆದದ್ದನ್ನು ಒಮ್ಮೆ ಓದಿದ. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಕೆಳಗೆ ಪಾಲಕರ ಸಹಿ ಎಂದಿದ್ದ ಜಾಗದಲ್ಲಿ ತನ್ನ ಸಹಿಯನ್ನು ತಾನೇ ಹಾಕಿದ.